ಗೇಟಿನ ಒಳಗೆ ಮೂರು ಹೆಜ್ಜೆ

ಮೇಷ್ಟ್ರು ಗೇಟು ತಳ್ಳಿ ಒಳಗೆ ಇಟ್ಟಿದ್ದು ಮೂರೇ ಹೆಜ್ಜೆ. ಹಳಿ ತುಳಿಯಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಆದರೂ ಒಂದು ಸ್ಟೀಮ್ ರೈಲು 17 ನಿಮಿಷ ತಡವಾಯಿತು. ಇಬ್ಬರು ಪೊಲೀಸರು ಕೆಸರಿನ ಹೊಲ ದಾಟಿ ನಡೆದು ಬಂದರು. ಐದು ತಿಂಗಳಾದ ಮೇಲೆ ಆ ಮೂರು ಹೆಜ್ಜೆ ಒಂದು ಕಡತದಲ್ಲಿ ಒಂದು ಸಾಲಾಗಿ ಕೂತಿತ್ತು.

ಇದು ನಡೆದದ್ದು ಪೂರ್ವ ಇಂಗ್ಲೆಂಡಿನಲ್ಲಿ, ಒಂದು ಹಳ್ಳಿಯ ಹೊರಗೆ. ಊರಿನ ಹೆಸರು ಬೇಡ, ಜನರ ಹೆಸರೂ ಬೇಡ. ಮೇಷ್ಟ್ರು ಅಂದರೆ ರೈಲು ಫೋಟೋ ತೆಗೆಯುವ ನಮ್ಮ ನಾಲ್ಕು ಜನರ ಗುಂಪಿನ ಹಿರಿಯರು. ಗಣಿತ ಕಲಿಸಿ ನಿವೃತ್ತರಾದವರು. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ನನ್ನನ್ನು ಒಳ್ಳೆಯವನು ಮಾಡೋಕೆ ಹೋಗಬೇಡ, ಲೆಕ್ಕ ಮಾತ್ರ ಸರಿಯಾಗಿ ಬರಿ" ಅಂದರು.

ಆ ದಿನ ಗೇಟಿನ ಹತ್ತಿರ ಮಾತಾಡಿದ ಎಲ್ಲರೂ ಅರ್ಧ ಸರಿ ಹೇಳಿದರು. ಉಳಿದರ್ಧ ತಪ್ಪಿತ್ತು. ಈ ಪ್ರಕರಣ ಬರೆಯಬೇಕು ಅನಿಸಿದ್ದು ಅದಕ್ಕೇ.

ಜಾಗ ಹೇಗಿತ್ತು

ಪೂರ್ವ–ಪಶ್ಚಿಮವಾಗಿ ಎರಡು ಹಳಿ ಜೋಡಿ. ಆ ದಾರಿಯಲ್ಲಿ ರೈಲುಗಳ ಗರಿಷ್ಠ ವೇಗ ಗಂಟೆಗೆ 90 ಮೈಲಿ. ಅದನ್ನು ಅಡ್ಡ ದಾಟುವ ಒಂದು ಸಾರ್ವಜನಿಕ ಕಾಲುದಾರಿ. ಉತ್ತರಕ್ಕೆ ಹಳ್ಳಿ, ದಕ್ಷಿಣಕ್ಕೆ ಹೊಲ. ಎರಡೂ ಕಡೆ ತಾನಾಗಿಯೇ ಮುಚ್ಚಿಕೊಳ್ಳುವ ಸಣ್ಣ ಮರದ ಗೇಟು. ದೀಪ ಇಲ್ಲ, ಗಂಟೆ ಇಲ್ಲ, ಕಾಯುವವರೂ ಇಲ್ಲ. ಒಂದು ಬೋರ್ಡು ಮಾತ್ರ: ನಿಲ್ಲಿ, ನೋಡಿ, ಕೇಳಿಸಿಕೊಳ್ಳಿ, ರೈಲು ಬರುತ್ತದೆ ಎಚ್ಚರ.

ಬ್ರಿಟನ್ನಿನಲ್ಲಿ ಸುಮಾರು 6,000 ಲೆವೆಲ್ ಕ್ರಾಸಿಂಗ್‌ಗಳಿವೆ. ವಾಹನಗಳಿಗೆ ಅಡ್ಡಗಂಬ ಬೀಳುವ ಕ್ರಾಸಿಂಗ್‌ಗಳು ಎಲ್ಲರ ಕಣ್ಣಿಗೆ ಬೀಳುತ್ತವೆ. ಆದರೆ ನಡೆಯುವವರಿಗೆಂದೇ ಇರುವ ಇಂಥ ಗೇಟುಗಳೂ ಸಾವಿರಗಟ್ಟಲೆ ಇವೆ. ಅನೇಕ ಕಡೆ ಹಳಿ ಬರುವುದಕ್ಕೂ ಮೊದಲೇ ಕಾಲುದಾರಿ ಇತ್ತು. ಜನ ದಾಟುವ ಹಕ್ಕನ್ನು ಹಾಗೇ ಉಳಿಸಿ ರೈಲು ದಾರಿ ಹಾಕಿದರು. ಹಾಗಾಗಿ ಅಲ್ಲಿ ದಾಟುವುದು ಯಾರೋ ಕೊಟ್ಟ ದಯೆ ಅಲ್ಲ, ಹಕ್ಕು. ಕೌಂಟಿಯ ಅಧಿಕೃತ ನಕ್ಷೆಯಲ್ಲಿ ಗೆರೆ ಎಳೆದು ತೋರಿಸಿದ ಹಕ್ಕು.

ಫೋಟೋದವರಿಗೆ ಇಂಥ ಜಾಗ ಯಾಕೆ ಇಷ್ಟ ಅಂತ ಹೇಳಬೇಕಾಗಿಲ್ಲ. ಉಳಿದ ಕಡೆ ಬೇಲಿ, ಮುಳ್ಳುಪೊದೆ, ಇಲ್ಲ ಎತ್ತರದ ಸೇತುವೆ. ಇಲ್ಲಿ ಮಾತ್ರ ಹಳಿಯ ಮಟ್ಟದಲ್ಲಿ ನಿಂತು, ಎಂಜಿನ್ ಎದುರಿಗೆ ಬರುವುದನ್ನು ನೋಡಬಹುದು.

ಆ ಬೆಳಿಗ್ಗೆ

ಅಕ್ಟೋಬರ್ ತಿಂಗಳ ಶನಿವಾರ. 11:42ಕ್ಕೆ ಪಶ್ಚಿಮದಿಂದ ಒಂದು ಸ್ಟೀಮ್ ವಿಶೇಷ ರೈಲು ಬರುವುದಿತ್ತು. ನಾವು ನಾಲ್ವರು 10:10ಕ್ಕೇ ಬಂದು ಉತ್ತರದ ಗೇಟಿನ ಹೊರಗೆ ಠಿಕಾಣಿ ಹಾಕಿದೆವು. ಮೋಡ ಕವಿದಿತ್ತು. ಬೆಳಕು ಎಲ್ಲ ಕಡೆ ಒಂದೇ ಥರ ಇದ್ದುದರಿಂದ ಯಾವ ಬದಿ ಅನ್ನುವ ಚರ್ಚೆಯೇ ಬರಲಿಲ್ಲ.

ಮೇಷ್ಟ್ರ ಟ್ರೈಪಾಡ್ ಗೇಟಿನ ಬಾಯಿಯಲ್ಲೇ ಕಾಲು ಚಾಚಿ ನಿಂತಿತ್ತು. 11 ಗಂಟೆ ಸುಮಾರಿಗೆ ನಾಯಿ ಹಿಡಿದುಕೊಂಡು ಒಬ್ಬ ವಯಸ್ಸಾದ ಹೆಂಗಸು ಬಂದರು. ಟ್ರೈಪಾಡ್ ತೆಗೆಯುವವರೆಗೆ ಅವರು ಕಾಯಬೇಕಾಯಿತು. ಅವರಿಗೆ ಸಿಟ್ಟು ಬಂತು. "ಇದು ರೈಲ್ವೆ ಜಾಗ, ಇಲ್ಲಿ ಫೋಟೋ ತೆಗೆಯುವಂತಿಲ್ಲ, ಪೊಲೀಸರಿಗೆ ಹೇಳುತ್ತೇನೆ" ಅಂದರು. ಮೇಷ್ಟ್ರು ಮೆತ್ತಗೆ ಕ್ಷಮೆ ಕೇಳಬೇಕಿತ್ತು. ಬದಲಿಗೆ "ಸಾರ್ವಜನಿಕ ದಾರಿ ಅಮ್ಮಾ, ನಮಗೂ ಹಕ್ಕಿದೆ" ಅಂದರು. ಆಕೆ ದಾಟಿ ಹೋದ ಮೇಲೆ, ಟ್ರೈಪಾಡ್ ಗೇಟಿಗೆ ಅಡ್ಡ ಬೇಡ ಅಂತ ಅದನ್ನು ಎತ್ತಿ ಗೇಟಿನ ಒಳಗೆ, ಬೇಲಿಗೆ ಒರಗಿಸಿ ಇಟ್ಟು, ತಾವೂ ಅಲ್ಲೇ ನಿಂತರು. ಸುಮಾರು ಐದು ನಿಮಿಷ. ಒಂದು ಸರಕು ರೈಲಿನ ಫೋಟೋ ತೆಗೆದರು. ನಾವು ಕರೆದ ಮೇಲೆ ಹೊರಗೆ ಬಂದರು. ಯಾರಿಗೋ ಅಡ್ಡಿಯಾಗದಿರಲಿ ಅಂತ ಹೋಗಿ, ಇದ್ದುದರಲ್ಲೇ ಕೆಟ್ಟ ಜಾಗ ಆರಿಸಿಕೊಂಡಿದ್ದರು.

11:20ಕ್ಕೆ ಮೋಡ ಸರಿದು ಬಿಸಿಲು ಬಿತ್ತು. ದಕ್ಷಿಣದ ಬಿಸಿಲು. ನಾವು ನಿಂತ ಬದಿಗೆ ಎಂಜಿನ್ನಿನ ನೆರಳಿನ ಮುಖ ಬರುತ್ತದೆ. ಸ್ಟೀಮ್ ರೈಲಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಮೇಷ್ಟ್ರು ಬ್ಯಾಗು, ಟ್ರೈಪಾಡ್ ಎತ್ತಿಕೊಂಡು ಹೊರಟರು. ಅಷ್ಟರಲ್ಲಿ ಹತ್ತಿರದ ಹಳಿಯ ಮೇಲೆ ಪೂರ್ವಕ್ಕೆ ಹೋಗುವ ಲೋಕಲ್ ರೈಲು ಬಂತು. ಅವರು ಗೇಟಿನ ಹೊರಗೇ ನಿಂತು ಕಾದರು. ಅಲ್ಲಿಯವರೆಗೆ ಎಲ್ಲವೂ ಸರಿ. ಕೊನೆಯ ಬೋಗಿ ದಾಟಿದ ಕೂಡಲೇ ಗೇಟು ತಳ್ಳಿದರು, ಹೋಗುತ್ತಿರುವ ರೈಲಿನ ಕೆಂಪು ದೀಪದ ಫೋಟೋ ಒಂದು ತೆಗೆದರು. ಆಮೇಲೆ ತಲೆ ತಗ್ಗಿಸಿ ಕ್ಯಾಮೆರಾದ ಪರದೆ ನೋಡುತ್ತಾ ಹೆಜ್ಜೆ ಹಾಕಿದರು. ಒಂದು, ಎರಡು, ಮೂರು.

ಹಾರ್ನ್ ನನಗೆ ಕೇಳಿಸಿತು. ಅವರಿಗೆ ಕೇಳಿಸಲಿಲ್ಲ. ನಾನು ಕೂಗಿದ್ದು ಕೇಳಿಸಿತು. ನಿಂತರು. ದೂರದ ಹಳಿಯ ಮೇಲೆ, ಈಗಷ್ಟೇ ಹೋದ ಲೋಕಲ್ ರೈಲಿನ ಹಿಂದಿನಿಂದ ಹೊರಬಿದ್ದಂತೆ, ಪಶ್ಚಿಮಕ್ಕೆ ಹೋಗುವ ವೇಗದ ರೈಲೊಂದು ಬಂದು ಹೋಯಿತು. ಹಾರ್ನ್ ಉದ್ದಕ್ಕೂ ಬಾರಿಸುತ್ತಲೇ ಇತ್ತು. ಗಾಳಿಯ ಹೊಡೆತಕ್ಕೆ ಮೇಷ್ಟ್ರ ಟೋಪಿ ಬೇಲಿಯ ಹತ್ತಿರ ಬಿತ್ತು.

ಆ ರೈಲಿನ ಚಾಲಕರು ಸಿಗ್ನಲ್ ಕೇಂದ್ರಕ್ಕೆ ತಿಳಿಸಿದರು: ಕ್ರಾಸಿಂಗ್‌ನಲ್ಲಿ ಒಬ್ಬ ಮನುಷ್ಯ, ಗೇಟಿನ ಒಳಗೆ, ರೈಲು ಬರುವುದನ್ನು ನೋಡುತ್ತಿಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡಬೇಕು. ಸಿಗ್ನಲ್ ಕೇಂದ್ರದವರು ಮುಂದಿನ ರೈಲುಗಳನ್ನು ತಡೆದು, ಎಚ್ಚರಿಕೆ ಹೇಳಿ, ನಿಧಾನವಾಗಿ ಬಿಟ್ಟರು. ಅವುಗಳಲ್ಲಿ ನಮ್ಮ ಸ್ಟೀಮ್ ರೈಲೂ ಒಂದು.

ಯಾರು ಹೇಳಿದ್ದು ಎಷ್ಟು ಸರಿ

ಮೊದಲು ಬಂದದ್ದು ಕಿತ್ತಳೆ ಜಾಕೆಟ್ಟಿನ ಒಬ್ಬ ರೈಲ್ವೆ ಸಿಬ್ಬಂದಿ. ತುಂಬಾ ಬಿಸಿಯಾಗಿದ್ದರು. ಮೂರು ಮಾತು ಹೇಳಿದರು. ಎಲ್ಲರೂ ಇಲ್ಲಿಂದ ಹೊರಡಿ. ರೈಲಿನ ಫೋಟೋ ತೆಗೆಯುವುದು ಭಯೋತ್ಪಾದನೆ ಕಾನೂನಿನ ಪ್ರಕಾರ ತಪ್ಪು. ತೆಗೆದದ್ದನ್ನೆಲ್ಲ ನನ್ನೆದುರಿಗೇ ಅಳಿಸಿ. ಮೇಷ್ಟ್ರು ಆಗ ನಡುಗುತ್ತಿದ್ದರು. ಅಳಿಸಲು ಕೈ ಹಾಕಿಯೇಬಿಟ್ಟರು. ನಾನು ತಡೆದೆ. ಪೊಲೀಸರು ಬರುತ್ತಿದ್ದಾರಂತೆ, ಅವರೇ ಹೇಳಲಿ ಅಂದೆ.

ಒಂದೊಂದಾಗಿ ನೋಡೋಣ. ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸಿನ ಕಾನೂನು. ಸ್ಕಾಟ್ಲೆಂಡಿನ ಲೆಕ್ಕ ಬೇರೆ.

ಸಾರ್ವಜನಿಕ ಜಾಗದಲ್ಲಿ ನಿಂತು ರೈಲಿನ ಫೋಟೋ ತೆಗೆಯಬಾರದು ಅನ್ನುವ ಕಾನೂನು ಇಲ್ಲ. ಭಯೋತ್ಪಾದನೆಯ ಮಾತು ಗಾಳಿಯಿಂದ ಹುಟ್ಟಿದ್ದೇನೂ ಅಲ್ಲ. 2000ದ ಭಯೋತ್ಪಾದನೆ ಕಾಯ್ದೆಯ 44ನೇ ಸೆಕ್ಷನ್, ಯಾವ ಅನುಮಾನವೂ ಇಲ್ಲದೆ ಜನರನ್ನು ತಡೆದು ತಪಾಸಣೆ ಮಾಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತ್ತು. ಎಷ್ಟೋ ಫೋಟೋಗ್ರಾಫರ್‌ಗಳು ಅದರ ಕೈಗೆ ಸಿಕ್ಕರು. 2010ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅದು ಖಾಸಗಿತನದ ಹಕ್ಕಿಗೆ ವಿರುದ್ಧ ಅಂದಿತು. 2012ರ ಕಾನೂನಿನಲ್ಲಿ ಅದು ಪೂರ್ತಿ ಹೋಯಿತು. ಈಗ ಉಳಿದಿರುವ 43ನೇ ಸೆಕ್ಷನ್‌ಗೆ ಆ ವ್ಯಕ್ತಿಯ ಮೇಲೆ ಸಕಾರಣ ಅನುಮಾನ ಇರಬೇಕು. ಅದೂ ಪೊಲೀಸರ ಅಧಿಕಾರ. ಕಿತ್ತಳೆ ಜಾಕೆಟ್ಟಿಗೆ ಆ ಅಧಿಕಾರ ಇಲ್ಲ.

ಅಳಿಸಿ ಅನ್ನುವುದಂತೂ ಪೂರ್ತಿ ತಪ್ಪು. ಅಪರಾಧದ ಸಾಕ್ಷಿ ಅಂತ ಪೊಲೀಸರು ಕ್ಯಾಮೆರಾ ವಶಪಡಿಸಿಕೊಳ್ಳುವ ಸಂದರ್ಭ ಇರಬಹುದು. ಆದರೆ ಸ್ಥಳದಲ್ಲೇ ಚಿತ್ರ ಅಳಿಸುವ ಅಧಿಕಾರ ಅವರಿಗೂ ಇಲ್ಲ. 1988ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ತೆಗೆದವರದ್ದೇ. ಸ್ಟೇಷನ್ ಥರದ ರೈಲ್ವೆಯ ಸ್ವಂತ ಜಾಗದಲ್ಲಿ ಅವರು ಷರತ್ತು ಹಾಕಬಹುದು: ಫ್ಲ್ಯಾಶ್ ಬೇಡ, ಹಳದಿ ಗೆರೆ ದಾಟಬೇಡಿ, ವ್ಯಾಪಾರದ ಚಿತ್ರೀಕರಣಕ್ಕೆ ಅನುಮತಿ ತನ್ನಿ ಅಂತ. ಬೇಲಿಯ ಹೊರಗೆ ಕಾಲುದಾರಿಯಲ್ಲಿ ನಿಂತವರಿಗೆ ಆ ಷರತ್ತು ತಾಗುವುದಿಲ್ಲ.

ಇಷ್ಟು ಓದಿ ಫೋಟೋದವರು ಖುಷಿಪಡಬೇಡಿ. ಮುಂದೆ ಬರುವುದು ನಮ್ಮ ತಪ್ಪು.

ಫೋಟೋ ತೆಗೆಯುವ ಹಕ್ಕು ಬೇರೆ, ಅಲ್ಲಿ ನಿಲ್ಲುವ ಹಕ್ಕು ಬೇರೆ. ಇವೆರಡನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಓಡಾಡುವುದು ನಮ್ಮಲ್ಲಿ ಜಾಸ್ತಿ. ಕಾಲುದಾರಿಯ ಹಕ್ಕು ಅಂದರೆ ಮೂಲದಲ್ಲಿ ಹೋಗುವ ಬರುವ ಹಕ್ಕು. ನಡುವೆ ನಿಂತು ಉಸಿರು ಬಿಡುವುದು, ನೋಟ ನೋಡುವುದು, ಒಂದು ಫೋಟೋ ತೆಗೆಯುವುದು, ಇವು ನಡಿಗೆಯ ಜೊತೆಗೇ ಬರುತ್ತವೆ. ಎಷ್ಟು ಹೊತ್ತು ಅನ್ನುವುದೇ ತಗಾದೆ.

ಇದಕ್ಕೆ ಒಂದು ಹಳೆಯ ಮೊಕದ್ದಮೆ ಇದೆ, 1900ರದ್ದು, ಹಿಕ್‌ಮನ್ ಮತ್ತು ಮೇಸಿ ನಡುವಿನದು. ರೇಸ್ ಕುದುರೆಗಳ ಓಟದ ತಾಲೀಮು ನಡೆಯುವ ಜಮೀನಿನ ನಡುವೆ ಸಾರ್ವಜನಿಕ ದಾರಿ ಹಾದುಹೋಗಿತ್ತು. ಒಬ್ಬ ಮನುಷ್ಯ ದುರ್ಬೀನು ಹಿಡಿದು ಆ ದಾರಿಯ ಸುಮಾರು 15 ಗಜದ ತುಂಡಿನಲ್ಲೇ ಒಂದೂವರೆ ಗಂಟೆ ಹಿಂದೆ ಮುಂದೆ ನಡೆದ, ಕುದುರೆಗಳ ಓಟ ಬರೆದುಕೊಂಡ. ದಾರಿ ಬಿಟ್ಟು ಒಂದು ಹೆಜ್ಜೆಯೂ ಆಚೆ ಇಡಲಿಲ್ಲ. ಆದರೂ ನ್ಯಾಯಾಲಯ ಅದನ್ನು ಅತಿಕ್ರಮ ಅಂದಿತು. ದಾರಿ ನಡೆಯಲಿಕ್ಕೆ, ನೀನು ಮಾಡಿದ್ದು ನಡಿಗೆಯಲ್ಲ ಅಂತ. ಆ ಮನುಷ್ಯನ ಜಾಗದಲ್ಲಿ ಕ್ಯಾಮೆರಾ ಹಿಡಿದ ನಮ್ಮನ್ನು ಕಲ್ಪಿಸಿಕೊಂಡರೆ ಸ್ವಲ್ಪ ಮೈ ಜುಮ್ಮೆನ್ನುತ್ತದೆ, ಅಲ್ವಾ? ನಾವೂ ಒಂದೂವರೆ ಗಂಟೆ ಮುಂಚೆಯೇ ಬಂದಿದ್ದೆವು.

ಕಾಲ ಬದಲಾಗಿದೆ. 1995ರ ಜೂನ್ 1ರಂದು ಸ್ಟೋನ್‌ಹೆಂಜ್ ಹತ್ತಿರ ಎ344 ರಸ್ತೆಯ ಬದಿಯಲ್ಲಿ 21 ಜನ ಶಾಂತವಾಗಿ ಸೇರಿದ್ದರು. ಅದು ಅತಿಕ್ರಮವೇ ಅನ್ನುವ ಪ್ರಕರಣ, ಆಗ ದೇಶದ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 1999ರಲ್ಲಿ ಐವರಲ್ಲಿ ಮೂವರು ನ್ಯಾಯಾಧೀಶರು ಅವರ ಪರ ನಿಂತರು. ದಾರಿ ಅನ್ನುವುದು ಸಾರ್ವಜನಿಕ ಜಾಗ, ಬೇರೆಯವರ ಓಡಾಟಕ್ಕೆ ಅಡ್ಡಿಯಾಗದಂತೆ ಯಾವುದೇ ಸಮಂಜಸ ಕೆಲಸಕ್ಕೆ ಬಳಸಬಹುದು ಅನ್ನುವುದು ಆ ತೀರ್ಪಿನ ದಿಕ್ಕು. ಹಾಗಾಗಿ ಗೇಟಿನ ಹೊರಗೆ, ದಾರಿಯ ಒಂದು ಬದಿಗೆ ಸರಿದು, ಸುಮ್ನೆ ಕಾದು ನಿಂತವರ ಮೇಲೆ ಯಾರಾದರೂ ಕೇಸು ಹಾಕುತ್ತಾರೆ ಅಂತ ನನಗೆ ಅನಿಸುವುದಿಲ್ಲ. ಆದರೆ 'ಅಡ್ಡಿಯಾಗದಂತೆ' ಅನ್ನುವ ಮಾತು ಅಲ್ಲೇ ಇದೆ. 1980ರ ಹೆದ್ದಾರಿ ಕಾಯ್ದೆಯ 137ನೇ ಸೆಕ್ಷನ್ ಪ್ರಕಾರ ದಾರಿಗೆ ಅಡ್ಡಿ ಮಾಡುವುದು ಅಪರಾಧ, ಆ ಕಾಯ್ದೆಗೆ ಕಾಲುದಾರಿಯೂ ಒಂದು ಹೆದ್ದಾರಿಯೇ. ಗೇಟಿನ ಬಾಯಿಯಲ್ಲಿ ಟ್ರೈಪಾಡ್ ಇಟ್ಟಿದ್ದ ವಿಷಯದಲ್ಲಿ ನಾಯಿ ಹಿಡಿದ ಆ ಹೆಂಗಸಿನ ಮಾತು ಪೂರ್ತಿ ಸರಿ, ಮೇಷ್ಟ್ರ ಮಾತು ಪೂರ್ತಿ ತಪ್ಪು.

ಇನ್ನು ಎರಡು ಗೇಟುಗಳ ನಡುವಿನ ಜಾಗ. ನೆಲ ರೈಲ್ವೆಯದು. ನಮ್ಮ ಹಕ್ಕು ಅದರ ಮೇಲೆ ದಾಟುವುದಷ್ಟೇ. ಅಲ್ಲಿ 'ಸಮಂಜಸವಾಗಿ ನಿಲ್ಲುವುದು' ಅನ್ನುವ ವಾದಕ್ಕೆ ಕಾಲೂರಲು ಜಾಗವೇ ಇಲ್ಲ, ಯಾಕೆಂದರೆ ರೈಲು ಬರುವ ಜಾಗದಲ್ಲಿ ನಿಲ್ಲುವುದು ಸಮಂಜಸ ಅಂತ ಯಾವ ನ್ಯಾಯಾಧೀಶರೂ ಹೇಳುವುದಿಲ್ಲ. ನಡೆಯುತ್ತಿರುವಷ್ಟು ಹೊತ್ತು ಹಕ್ಕು ನಮ್ಮ ಜೊತೆ ನಡೆಯುತ್ತದೆ. ನಿಂತರೆ ಅದು ನಿಲ್ಲುವುದಿಲ್ಲ, ಹೋಗಿಬಿಡುತ್ತದೆ. ಆಮೇಲೆ ನಾವು ರೈಲ್ವೆ ಜಾಗದಲ್ಲಿ ಅತಿಕ್ರಮಿಸಿದವರು. ಅದಕ್ಕೆ 1949ರ ಬ್ರಿಟಿಷ್ ಸಾರಿಗೆ ಆಯೋಗ ಕಾಯ್ದೆಯ 55ನೇ ಸೆಕ್ಷನ್ ಇದೆ, ದಂಡ 1,000 ಪೌಂಡ್‌ವರೆಗೆ. ರೈಲಿನಲ್ಲಿರುವವರ ಜೀವಕ್ಕೇ ಅಪಾಯ ತಂದರೆ 1861ರ ಕಾನೂನು ಬರುತ್ತದೆ, ಅದರಲ್ಲಿ ಎರಡು ವರ್ಷದವರೆಗೆ ಜೈಲಿದೆ.

ಪೊಲೀಸರು ಬಂದಾಗ ಇದೆಲ್ಲ ಬಂತು. ಅವರು ಕಿತ್ತಳೆ ಜಾಕೆಟ್ಟಿನವರನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಆಮೇಲೆ ಮೇಷ್ಟ್ರನ್ನು ಕೇಳಿದರು, "ಚಿತ್ರ ತೋರಿಸುತ್ತೀರಾ? ಕಡ್ಡಾಯವಿಲ್ಲ." ಮೇಷ್ಟ್ರು ತೋರಿಸಿದರು. ಪ್ರತಿ ಚಿತ್ರಕ್ಕೂ ಸಮಯ ಅಂಟಿಕೊಂಡಿರುತ್ತದಲ್ಲ. ಕೆಂಪು ದೀಪದ ಚಿತ್ರ 11:21ರದ್ದು, ಗೇಟಿನ ಪಕ್ಕದಿಂದ ತೆಗೆದದ್ದು. ಅವರು ಹಳಿಯ ಮೇಲೆ ಇರಲಿಲ್ಲ, ದಾಟಲು ಹೊರಟಿದ್ದರು ಅನ್ನುವುದಕ್ಕೆ ಅದೇ ಸಾಕ್ಷಿ. ಅಳಿಸಿದ್ದರೆ ಅದೂ ಹೋಗುತ್ತಿತ್ತು. ಆದರೆ ಅದೇ ಕಾರ್ಡಿನಲ್ಲಿ ಸ್ವಲ್ಪ ಹಿಂದೆ ಸರಕು ರೈಲಿನ ಏಳು ಚಿತ್ರಗಳಿದ್ದವು, ಗೇಟಿನ ಒಳಗೆ ನಿಂತು ತೆಗೆದದ್ದು ಅಂತ ಮಕ್ಕಳಿಗೂ ಗೊತ್ತಾಗುವಂಥವು. ಐದು ನಿಮಿಷ ಅಲ್ಲೇ ಇದ್ದದ್ದಕ್ಕೆ ಅವೂ ಸಾಕ್ಷಿ. ಒಂದೇ ಕಾರ್ಡು ಅವರ ಪರವೂ ಹೇಳಿತು, ವಿರುದ್ಧವೂ ಹೇಳಿತು. ಪೊಲೀಸರು ಹೆಸರು, ವಿಳಾಸ ಬರೆದುಕೊಂಡು, ಬಾಯಿಮಾತಿನ ಎಚ್ಚರಿಕೆ ಕೊಟ್ಟು ಬಿಟ್ಟರು. ನಮ್ಮ ಪೈಕಿ ಒಬ್ಬ ಹೊಳೆಯುವ ಹಳದಿ ಜಾಕೆಟ್ ಹಾಕಿದ್ದ. ಅದನ್ನೂ ತೆಗೆಸಿದರು. ದೂರದಿಂದ ಚಾಲಕರಿಗೆ ರೈಲ್ವೆ ಕೆಲಸಗಾರನಂತೆ ಕಾಣುತ್ತದೆ ಅಂತ.

ಮೇಷ್ಟ್ರ ಲೆಕ್ಕ

ಕಾನೂನಿನ ಮಾತು ಮೇಷ್ಟ್ರನ್ನು ಅಷ್ಟೇನೂ ಕಾಡಲಿಲ್ಲ. ಅವರ ನಿದ್ದೆ ಕೆಡಿಸಿದ್ದು ಬೇರೆ. "ನಾನು ಪೆದ್ದನಲ್ಲ, ಒಂದು ರೈಲು ಹೋಗುವವರೆಗೆ ಕಾದಿದ್ದೆ. ಹಾಗಿದ್ದೂ ಇದು ಹೇಗಾಯಿತು?" ಎರಡು ದಿನ ಬಿಟ್ಟು ಒಂದು ಹಾಳೆ ಕಳಿಸಿದರು. ಅದರಲ್ಲಿದ್ದದ್ದು ಹೆಚ್ಚುಕಡಿಮೆ ಇಷ್ಟು.

ದಾಟುವ ಉದ್ದ. ಇಂಥ ವೇಗದ ದಾರಿಯಲ್ಲಿ ದಾಟಲೋ ಬೇಡವೋ ಅಂತ ತೀರ್ಮಾನಿಸುವ ಜಾಗ ಹತ್ತಿರದ ಹಳಿಯಿಂದ 2 ಮೀಟರ್ ಹಿಂದೆ ಇರುತ್ತದೆ. ಅಲ್ಲಿಂದ ಎರಡೂ ಜೋಡಿ ಹಳಿ ದಾಟಿ, ಆಚೆ 2 ಮೀಟರ್ ಹೋಗುವವರೆಗೆ ಸುಮಾರು 9 ಮೀಟರ್. ಸಾಮಾನ್ಯ ನಡಿಗೆ ಸೆಕೆಂಡಿಗೆ 1.2 ಮೀಟರ್ ಅಂದರೆ ಏಳೂವರೆ ಸೆಕೆಂಡು. ಬ್ಯಾಗು, ಟ್ರೈಪಾಡ್ ಹೊತ್ತು, ಪರದೆ ನೋಡುತ್ತಾ ನಡೆಯುವ ಅರವತ್ತು ದಾಟಿದ ಮನುಷ್ಯನಿಗೆ 10 ಸೆಕೆಂಡು ಇಟ್ಟುಕೊಳ್ಳಿ.

ರೈಲಿನ ಓಟ. ಗಂಟೆಗೆ 90 ಮೈಲಿ ಅಂದರೆ ಸೆಕೆಂಡಿಗೆ 40 ಮೀಟರ್. 10 ಸೆಕೆಂಡಿಗೆ 400 ಮೀಟರ್.

ಹಾರ್ನ್. ಹಳಿ ಪಕ್ಕದಲ್ಲಿ ಹಾರ್ನ್ ಬಾರಿಸಿ ಅಂತ ಚಾಲಕರಿಗೆ ಹೇಳುವ, ಡಬ್ಲ್ಯೂ ಅಕ್ಷರದ ಬೋರ್ಡು ಇರುತ್ತದೆ. ಇಲ್ಲಿ ಅದು ಸುಮಾರು 400 ಮೀಟರ್ ಆಚೆ ಇತ್ತು. ಹಾರ್ನ್ ಕೇಳಿಸಿದ ಕ್ಷಣದಲ್ಲಿ ಮೇಷ್ಟ್ರು ಹೊರಟಿದ್ದರೆ ಅವರೂ ರೈಲೂ ಒಟ್ಟಿಗೇ ಮುಟ್ಟುತ್ತಿದ್ದರು. "ಉಳಿಯುವುದು ಸೊನ್ನೆ" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಅದೂ ಹಾರ್ನ್ ಕೇಳಿಸಿದ್ದರೆ. ಹೋಗುತ್ತಿರುವ ಲೋಕಲ್ ರೈಲಿನ ಸದ್ದು ಆ ಹಾರ್ನನ್ನು ನುಂಗಿತ್ತು. ಇನ್ನೊಂದು ವಿಷಯ: ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಈ ಬೋರ್ಡುಗಳ ಹತ್ತಿರ ಹಾರ್ನ್ ಬಾರಿಸುವ ರೂಢಿ ಇಲ್ಲ, ಅಕ್ಕಪಕ್ಕದ ಮನೆಯವರ ನಿದ್ದೆಗಾಗಿ. ಬೆಳಗಿನ ಜಾವದ ಮಂಜಿನಲ್ಲಿ ಫೋಟೋ ತೆಗೆಯಲು ಹೋಗುವವರು ಇದನ್ನು ತಿಳಿದಿರಬೇಕು.

ನೋಟ. ಬ್ರಿಟನ್ನಿನಲ್ಲಿ ರೈಲುಗಳು ಎಡಗಡೆಯ ಹಳಿ ಹಿಡಿಯುತ್ತವೆ. ಉತ್ತರದ ಗೇಟಿನಲ್ಲಿ ನಿಂತವರಿಗೆ ಹತ್ತಿರದ ಹಳಿಯ ರೈಲು ಪೂರ್ವಕ್ಕೆ ಹೋಗುತ್ತದೆ. ದೂರದ ಹಳಿಯ ರೈಲು ಅದೇ ಪೂರ್ವದಿಂದ ಬರುತ್ತದೆ. ಅಂದರೆ ಹೋಗುತ್ತಿರುವ ರೈಲಿನ ಬೆನ್ನು, ಬರುತ್ತಿರುವ ರೈಲಿನ ಮುಖವನ್ನು ಮುಚ್ಚುತ್ತದೆ. ಒಂದು ರೈಲು ಹೋಯಿತು, ಇನ್ನು ದಾರಿ ಖಾಲಿ ಅಂತ ಮನಸ್ಸು ಹೇಳುವ ಗಳಿಗೆಯೂ, ನೋಟ ಅತ್ಯಂತ ಕಡಿಮೆ ಇರುವ ಗಳಿಗೆಯೂ ಒಂದೇ.

ಎರಡನೇ ರೈಲು ಅನ್ನುವುದು ಇಲ್ಲಿ ಹಳೆಯ ಶತ್ರು. 2005ರ ಡಿಸೆಂಬರ್ 3ರಂದು ಎಸೆಕ್ಸ್‌ನ ಎಲ್ಸೆನ್‌ಹ್ಯಾಮ್ ಸ್ಟೇಷನ್ನಿನ ನಡೆದಾಟದ ಕ್ರಾಸಿಂಗ್‌ನಲ್ಲಿ ಇಬ್ಬರು ಹುಡುಗಿಯರು ತಾವು ಹತ್ತಬೇಕಾದ ರೈಲಿಗಾಗಿ ದಾಟುವಾಗ ಇನ್ನೊಂದು ರೈಲಿಗೆ ಸಿಕ್ಕಿ ಸತ್ತರು. ಅಲ್ಲಿ ಕೆಂಪು ದೀಪವೂ ಇತ್ತು, ಎಚ್ಚರಿಕೆ ಸದ್ದೂ ಇತ್ತು. 2012ರಲ್ಲಿ, ಹಳಿಗಳ ಹೊಣೆ ಹೊತ್ತ ನೆಟ್‌ವರ್ಕ್ ರೈಲ್ ಸಂಸ್ಥೆಗೆ ನ್ಯಾಯಾಲಯ 10 ಲಕ್ಷ ಪೌಂಡ್ ದಂಡ ಹಾಕಿತು. ದೀಪ, ಸದ್ದು ಎರಡೂ ಇದ್ದ ಕಡೆ ಹೀಗಾದರೆ, ಬರೀ ಬೋರ್ಡು ಇರುವ ಕಡೆ ಏನು ಹೇಳುವುದು.

ಮೇಷ್ಟ್ರ ಹಾಳೆಯಲ್ಲಿ ಇಲ್ಲದ್ದನ್ನು ನಾನು ಸೇರಿಸುತ್ತೇನೆ. ಕ್ಯಾಮೆರಾ ಹಿಡಿದವರ ಅಪಾಯ ಬೇರೆಯವರಿಗಿಂತ ಜಾಸ್ತಿ. 200 ಮಿ.ಮೀ. ಲೆನ್ಸಿನಲ್ಲಿ ಕಣ್ಣಿಟ್ಟರೆ ಅಡ್ಡಕ್ಕೆ ಕಾಣುವುದು ಸುಮಾರು 10 ಡಿಗ್ರಿ. ಉಳಿದ 350 ಡಿಗ್ರಿ ಕತ್ತಲೆ. ಉದ್ದ ಲೆನ್ಸು ದೂರವನ್ನು ಅದುಮಿ ತೋರಿಸುತ್ತದೆ, ಎದುರಿಗೆ ಬರುವ ರೈಲು ನಿಂತ ಹಾಗೇ ಕಾಣುತ್ತದೆ, ಆಮೇಲೆ ಒಮ್ಮೆಲೇ ಚೌಕಟ್ಟು ತುಂಬಿಬಿಡುತ್ತದೆ. ಸ್ಟೀಮ್ ಎಂಜಿನ್ ದೂರದಿಂದಲೇ ಗದ್ದಲ ಮಾಡುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ಮುಖ್ಯ ದಾರಿಯಲ್ಲಿ ಅವು ಸಾಮಾನ್ಯವಾಗಿ ಗಂಟೆಗೆ 75 ಮೈಲಿವರೆಗೆ ಓಡುತ್ತವೆ. ಉಗಿ ಬಿಡದೆ ಸುಮ್ಮನೆ ಉರುಳುತ್ತಾ ಬಂದರೆ ಹತ್ತಿರ ಬರುವವರೆಗೆ ಗೊತ್ತೇ ಆಗುವುದಿಲ್ಲ.

ಪೊಲೀಸರಲ್ಲಿ ಒಬ್ಬರು ಒಂದು ಮಾತು ಹೇಳಿದ್ದರು. ದಿನಾ ದಾಟುವವರ ಬಗ್ಗೆ ಒಂದು ಭಯ, ಕ್ಯಾಮೆರಾದವರ ಬಗ್ಗೆ ಇನ್ನೊಂದು. ದಿನಾ ದಾಟುವವರು ಅಭ್ಯಾಸದಿಂದ ನೋಡುವುದಿಲ್ಲ, ಕ್ಯಾಮೆರಾದವರು ಬೇರೆ ಏನನ್ನೋ ನೋಡುತ್ತಿರುತ್ತಾರೆ. ವಿಶೇಷ ರೈಲು ಬಂದಾಗ ಇದು ಹತ್ತು ಪಟ್ಟಾಗುತ್ತದೆ. 2016ರ ಫೆಬ್ರವರಿ 25ರಂದು ದುರಸ್ತಿಯಾಗಿ ಮರಳಿದ ಹೆಸರಾಂತ ಸ್ಟೀಮ್ ಎಂಜಿನ್ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಯಾರ್ಕ್‌ಗೆ ಹೊರಟಾಗ, ಸೇಂಟ್ ನಿಯೋಟ್ಸ್ ಹತ್ತಿರ ಜನ ಹಳಿಗೇ ಇಳಿದು, ರೈಲನ್ನು ನಿಲ್ಲಿಸಬೇಕಾಗಿ ಬಂತು. ನೋಡಲು ಬಂದವರೇ ಅದನ್ನು ನಿಲ್ಲಿಸಿದರು.

ಎಲ್ಲಿ ನಿಲ್ಲಬೇಕಿತ್ತು

ಇದು ಬಹಳ ಸುಲಭ, ಅದೇ ಬೇಜಾರು. ಬಂದ ಕೂಡಲೇ, 10:10ಕ್ಕೆ, ಆಕಾಶ ನೋಡಿ 'ಬಿಸಿಲು ಬಂದರೆ ದಕ್ಷಿಣ' ಅಂತ ತೀರ್ಮಾನಿಸಿ, ಕ್ಯಾಮೆರಾ ಬ್ಯಾಗಿನೊಳಗೆ ಇರುವಾಗಲೇ ದಾಟಿಬಿಡಬೇಕಿತ್ತು. ಆಮೇಲೆ ರೈಲು ಹೋಗುವವರೆಗೆ ಮತ್ತೆ ದಾಟಬಾರದು. ಮಳೆ ಬರಲಿ, ಮೋಡ ಬರಲಿ.

ದಕ್ಷಿಣದ ಗೇಟಿನ ಹೊರಗೆ ನಾಲ್ಕೈದು ಮೀಟರ್ ಹಿಂದೆ ದಾರಿ ಸ್ವಲ್ಪ ಅಗಲವಿದೆ. ಅಲ್ಲಿ ನಿಂತರೆ ಯಾರಿಗೂ ಅಡ್ಡಿಯಿಲ್ಲ. ಬೇಲಿ ಅಡ್ಡ ಬರುತ್ತದೆ ಅನ್ನುವುದು ಎಲ್ಲರ ದೂರು. ಪರದೆ ಮಡಚಿ ತಿರುಗಿಸುವ ಕ್ಯಾಮೆರಾವನ್ನು ತಲೆಯ ಮೇಲೆ ಎತ್ತಿ ಹಿಡಿದರೆ ಬೇಲಿ ಕೆಳಗೆ ಹೋಗುತ್ತದೆ. ಕೋಲಿಗೆ ಸಿಕ್ಕಿಸಿ ಎತ್ತುವವರೂ ಇದ್ದಾರೆ. ಮೇಲೆ 25,000 ವೋಲ್ಟಿನ ತಂತಿ ಇರುವ ದಾರಿಗಳಲ್ಲಿ ಅದು ಬೇಡವೇ ಬೇಡ. ತಂತಿ ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೂ ವಿದ್ಯುತ್ ಹಾರುತ್ತದೆ.

ಟ್ರೈಪಾಡ್ ಬಗ್ಗೆ ನನ್ನದೊಂದು ಜಗಳ ಮೊದಲಿನಿಂದಲೂ ಇದೆ. ಹಗಲು ಬೆಳಕಿನಲ್ಲಿ ಓಡುವ ರೈಲಿಗೆ ಅದು ಯಾಕೆ ಬೇಕು? ಸೆಕೆಂಡಿಗೆ 40 ಮೀಟರ್ ಓಡುವ ರೈಲು, ಶಟರ್ 1/500 ಸೆಕೆಂಡು ಇಟ್ಟರೆ ಆ ಗಳಿಗೆಯಲ್ಲಿ 8 ಸೆಂ.ಮೀ. ಸರಿಯುತ್ತದೆ, 1/1000 ಇಟ್ಟರೆ 4 ಸೆಂ.ಮೀ. ಮಸುಕಾಗುವುದು ರೈಲಿನ ಓಟದಿಂದ, ನಮ್ಮ ಕೈ ನಡುಕದಿಂದಲ್ಲ. ಅಷ್ಟು ವೇಗದ ಶಟರ್‌ಗೆ ಕೈಯೇ ಸಾಕು. ಟ್ರೈಪಾಡ್ ಇಲ್ಲದಿದ್ದರೆ ಗೇಟಿನಲ್ಲಿ ಜಗಳವಾಗುತ್ತಿರಲಿಲ್ಲ. ಜಗಳವಾಗದಿದ್ದರೆ ಮೇಷ್ಟ್ರು ಗೇಟಿನ ಒಳಗೆ ಜಾಗ ಹುಡುಕುತ್ತಿರಲಿಲ್ಲ. ಇದನ್ನು ಅವರು ಈಗಲೂ ಒಪ್ಪುವುದಿಲ್ಲ.

ಸ್ಟೀಮ್ ರೈಲು 11:59ಕ್ಕೆ ಬಂತು. ನಿಧಾನವಾಗಿ, ದೊಡ್ಡದಾಗಿ ಸೀಟಿ ಊದುತ್ತಾ. ನಾವೆಲ್ಲ ಉತ್ತರದ ಗೇಟಿನ ಹೊರಗೇ ನಿಂತಿದ್ದೆವು, ನೆರಳಿನ ಬದಿಯಲ್ಲಿ. ಮೇಷ್ಟ್ರು ಕ್ಯಾಮೆರಾ ಎತ್ತಲೇ ಇಲ್ಲ. ಚಾಲಕರು ಕೈ ಬೀಸಿದರು, ಇವರೂ ಕೈ ಬೀಸಿದರು.

ಮಾರ್ಚ್ ತಿಂಗಳು

ಮಾರ್ಚಿನಲ್ಲಿ ಮತ್ತೆ ಆ ಕಡೆ ಹೋದೆವು. ಗೇಟಿಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ನೋಟೀಸು ಅಂಟಿಸಿದ್ದರು. ಕಾಲುದಾರಿಯನ್ನು ಕ್ರಾಸಿಂಗ್‌ನಿಂದ ತೆಗೆದು 900 ಮೀಟರ್ ಆಚೆಯ ರಸ್ತೆ ಸೇತುವೆಗೆ ತಿರುಗಿಸುವ ಪ್ರಸ್ತಾಪ. 1980ರ ಅದೇ ಹೆದ್ದಾರಿ ಕಾಯ್ದೆಯ 119ಎ ಸೆಕ್ಷನ್. ಬಳಸುವವರ ಸುರಕ್ಷತೆಗಾಗಿ ಹೀಗೆ ದಾರಿ ತಿರುಗಿಸಬಹುದು, 118ಎ ಪ್ರಕಾರ ಪೂರ್ತಿ ಮುಚ್ಚಲೂಬಹುದು. 2010ರಿಂದ ಈಚೆಗೆ ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಲೆವೆಲ್ ಕ್ರಾಸಿಂಗ್‌ಗಳು ಮುಚ್ಚಿವೆ. ಆಕ್ಷೇಪಣೆಗೆ 28 ದಿನ ಸಮಯವಿತ್ತು. ಯಾರಾದರೂ ಆಕ್ಷೇಪಿಸಿ ಪಟ್ಟು ಬಿಡದಿದ್ದರೆ ವಿಷಯ ಮೇಲಕ್ಕೆ, ಸರ್ಕಾರದ ಮಟ್ಟಕ್ಕೆ ಹೋಗುತ್ತದೆ.

ಕಡತ ಕೌನ್ಸಿಲ್ ಕಚೇರಿಯಲ್ಲಿ ನೋಡಲು ಸಿಗುತ್ತದೆ. ಮೇಷ್ಟ್ರು ಹೋಗಿ ನೋಡಿದರು. ಯಾಕೆ ತಿರುಗಿಸಬೇಕು ಅನ್ನುವುದಕ್ಕೆ ಒಂದು ಪಟ್ಟಿ ಇತ್ತು. ಅದರ ಮೂರನೇ ಸಾಲು, ಅಕ್ಟೋಬರಿನ ಆ ಶನಿವಾರ: ಗೇಟಿನ ಒಳಗೆ ಕ್ಯಾಮೆರಾ ಹಿಡಿದ ವ್ಯಕ್ತಿ, ರೈಲಿನ ಅರಿವಿಲ್ಲ, ಚಾಲಕರ ದೂರು.

ಅವರು ಎರಡು ಪುಟದ ಆಕ್ಷೇಪಣೆ ಬರೆದರು. ದಾರಿ ಮುಚ್ಚಬೇಡಿ, ರೈಲು ಬರುವಾಗ ಕೆಂಪಾಗುವ ಸಣ್ಣ ದೀಪ ಹಾಕಿ, ಎರಡನೇ ರೈಲಿಗೂ ಅದು ಕೆಂಪಾಗಿಯೇ ಇರುತ್ತದೆ ಅಂತ. ಏಳೂವರೆ ಸೆಕೆಂಡು, 400 ಮೀಟರ್, ಎಲ್ಲ ಲೆಕ್ಕವನ್ನೂ ಬರೆದರು. ಕೊನೆಯಲ್ಲಿ, ಮೂರನೇ ಸಾಲಿನ ವ್ಯಕ್ತಿ ನಾನೇ, ತಪ್ಪು ನನ್ನದು, ದಾರಿಯದ್ದಲ್ಲ ಅಂತ ಸೇರಿಸಿದರು.

ಮುಂದಿನ ಸಲ ಗೇಟಿನ ಹತ್ತಿರ ಅದೇ ನಾಯಿ ಸಿಕ್ಕಿತು, ಅದರ ಹಿಂದೆ ಆ ಹೆಂಗಸು. ಕೈಯಲ್ಲಿ ಸಹಿ ಸಂಗ್ರಹದ ಹಾಳೆ. ಆಕೆ ಆ ದಾರಿಯಲ್ಲಿ ನಲವತ್ತು ವರ್ಷದಿಂದ ನಡೆಯುತ್ತಿದ್ದಾರಂತೆ. ಮೇಷ್ಟ್ರು ಪೆನ್ನು ತೆಗೆದುಕೊಳ್ಳುವ ಮೊದಲು, "ನಿಮಗೆ ಒಂದು ವಿಷಯ ಹೇಳಬೇಕು, ಆ ಪಟ್ಟಿಯಲ್ಲಿ ಇರುವವನು ನಾನು" ಅಂದರು.

"ಗೊತ್ತು" ಅಂದರು ಆಕೆ. "ನಾನು ಆಚೆ ಹೊಲದಲ್ಲೇ ಇದ್ದೆ. ಸಹಿ ಇಲ್ಲಿ ಹಾಕಿ."